ಸೋಮವಾರದ ಮೈಕು

ಫೆಬ್ರವರಿ ೪, ಸೋಮವಾರ

ಓದುತ್ತಿರುವವರು ಯಾರೇ ಆಗಿರಿ, ನಾಚಿಕೆ ಅನ್ನುವುದು ಇದ್ದರೆ ಇಲ್ಲಿಗೇ ಮುಚ್ಚಿಡಿ. ಸೊಸೆಯಾಗಿದ್ದರೆ, ಒಲೆಯ ಮೇಲೆ ಏನೋ ಸೀಯುತ್ತಿದೆ, ಹೋಗಿ ನೋಡು. ಮಗನಾಗಿದ್ದರೆ, ಶಾಲೆಯ ಪುಸ್ತಕವನ್ನು ನೀನು ಯಾವತ್ತೂ ಇಷ್ಟು ಆಸೆಯಿಂದ ಬಿಡಿಸಿದವನಲ್ಲ, ಈಗ ಮುದುಕಿಯ ಬರಹಕ್ಕೆ ಕಣ್ಣು ಹಾಕುತ್ತೀಯಾ. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ನಿಂತವಳು. ಒತ್ತಕ್ಷರ ತಪ್ಪಿದ್ದರೆ ನಗುವ ಹಕ್ಕು ನನಗೊಬ್ಬಳಿಗೇ.

ಪುರಸಭೆಯ ಅಧ್ಯಕ್ಷೆಯಾದದ್ದೂ ಒಂದು ನಗೆಪಾಟಲೇ. ಇಬ್ಬರು ದೊಡ್ಡ ಮನುಷ್ಯರು ಆ ಕುರ್ಚಿಗೆ ಕಿತ್ತಾಡಿ ಕಿತ್ತಾಡಿ ಸುಸ್ತಾಗಿ, ಇವನಿಗೂ ಬೇಡ ಅವನಿಗೂ ಬೇಡ ಅಂತ ನನ್ನನ್ನು ಕೂರಿಸಿದರು. ಮುದುಕಿ, ತೋರಿಸಿದ ಕಡೆ ಸಹಿ ಹಾಕಿ ತೂಕಡಿಸುತ್ತಾಳೆ ಅಂದುಕೊಂಡರು. ನಾನು ಸಹಿಗೆ ಮುಂಚೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತೇನೆ. ಅಷ್ಟರಲ್ಲಿ ಅವರ ಟೀ ಆರಿ ಅಂಬಲಿಯಾಗಿರುತ್ತದೆ.

ಸೋಮವಾರ ಬೆಳಿಗ್ಗೆ ಊರಿನ ಸುದ್ದಿ ಹೇಳುವುದು ಅಧ್ಯಕ್ಷರ ಕೆಲಸ. ಹಿಂದಿನಿಂದ ನಡೆದುಬಂದದ್ದು. ಪುರಸಭೆಯ ಮಹಡಿಯ ಕೋಣೆಯಲ್ಲಿ ಮೈಕು, ಹೊಳೆಯ ಈಚೆ ದಂಡೆಯಲ್ಲೊಂದು ಸ್ಪೀಕರು, ಆಚೆ ದಂಡೆಯಲ್ಲೊಂದು. ಹೊಳೆಯ ಸದ್ದಿನಲ್ಲಿ ಈಚೆಯ ಮಾತು ಆಚೆಗೆ ಹೋಗುವುದಿಲ್ಲ, ಅದಕ್ಕೇ ಎರಡು. ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ, ಯಾರ ಮನೆಯಲ್ಲಿ ಸಾವು, ಯಾವ ಬೀದಿ ಅಗೆಯುತ್ತಾರೆ, ಎಲ್ಲ ಅದರಲ್ಲೇ. ಹಿಂದಿನವರು ಬರೆದುಕೊಂಡು ಓದುತ್ತಿದ್ದರು. ನಾನು ಬಾಯಲ್ಲೇ ಹೇಳುತ್ತೇನೆ, ನಾಲ್ಕು ಬೈಗುಳವನ್ನೂ ಸೇರಿಸುತ್ತೇನೆ. ಇವತ್ತು ಹೇಳಿದ್ದು: ಮಾರುಕಟ್ಟೆಯ ಹಿಂದಿನ ಚರಂಡಿಗೆ ಹಾಸಿಗೆ ಎಸೆದವರು ತಾವೇ ಬಂದು ಎತ್ತತಕ್ಕದ್ದು, ಯಾರ ಹಾಸಿಗೆ ಅಂತ ನನಗೆ ಗೊತ್ತು, ಅದರ ಮೇಲಿನ ಕಲೆಯ ಕಥೆಯನ್ನೂ ಮೈಕಿನಲ್ಲಿ ಹೇಳಿಸಬೇಡಿ. ಮಧ್ಯಾಹ್ನಕ್ಕೆ ಹಾಸಿಗೆ ಮಾಯ.

ಮಹಡಿ ಇಳಿದಾಗ ಎಂಜಿನಿಯರು ಕಾಯುತ್ತಿದ್ದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸೇತುವೆಯ ಅಡಿಗೆ ಇಳಿದು ನೋಡಿ ಬಂದಿದ್ದಾನೆ, ಪ್ಯಾಂಟೆಲ್ಲ ಕೆಸರು.

"ಅಮ್ಮಾ, ನಡುವಿನ ಕಂಬ ತಳದಲ್ಲಿ ಸವೆದುಹೋಗಿದೆ. ಸೇತುವೆ ಮುಚ್ಚಬೇಕು."

"ಯಾವತ್ತು ಬೀಳತ್ತೆ?"

"ನಾಳೆ ಬೀಳಬಹುದು. ಇನ್ನೂ ಇಪ್ಪತ್ತು ವರ್ಷ ನಿಂತರೂ ನಿಲ್ಲಬಹುದು."

"ಇಷ್ಟು ಹೇಳೋಕೆ ಅಷ್ಟೊಂದು ಓದಬೇಕಾಯ್ತೇನಪ್ಪ?"

ಅವನು ನಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಫೆಬ್ರವರಿ ೬

ಮುಚ್ಚಿಸಿದೆ. ಎರಡೂ ತುದಿಗೆ ಕಬ್ಬಿಣದ ಗೇಟು. ಇನ್ನು ಆಚೆ ಹೋಗಬೇಕಾದರೆ ಮೇಲಿನ ಅಣೆಕಟ್ಟು ದಾಟಿ ಗುಡ್ಡ ಬಳಸಿ ಹೋಗಬೇಕು, ಗಾಡಿಯಲ್ಲೇ ಒಂದು ಗಂಟೆಯ ಮೇಲಾಗುತ್ತದೆ. ಹೊಳೆಯ ತುಂಬ ಬಂಡೆ, ದೋಣಿಯ ಮಾತೇ ಇಲ್ಲ. ಆಸ್ಪತ್ರೆ, ಮಾರುಕಟ್ಟೆ ನಮ್ಮ ಕಡೆ. ಶಾಲೆ, ಹಿಟ್ಟಿನ ಗಿರಣಿ, ಕ್ಷೌರದ ಅಂಗಡಿ ಅವರ ಕಡೆ. ಕ್ಷೌರದ ಅಂಗಡಿ ನನ್ನ ತಂಗಿಯ ಗಂಡನದ್ದು. ಸೇತುವೆಯ ಬಾಯಲ್ಲೇ ಇದೆ, ಮೇಲೆ ಮನೆ. ಊರೆಲ್ಲ ಅವನನ್ನು ಕತ್ತರಿ ಅಂತಲೇ ಕರೆಯುವುದು.

ಗೇಟು ಕೂರಿಸುವ ಮುಂಚೆ ತಂಗಿ ಸೇತುವೆ ದಾಟಿ ಜಗಳಕ್ಕೆ ಬಂದಳು. ಹಿಂದೆ ಕತ್ತರಿ, ಭುಜದ ಮೇಲೆ ಅಂಗಡಿಯ ಟವೆಲು.

"ಆಸ್ಪತ್ರೆ ನಿನ್ನ ಕಡೆ ಇಟ್ಕೊಂಡು ಬಾಗಿಲು ಹಾಕ್ತೀಯಲ್ಲ ಅಕ್ಕ. ನಮಗೆ ಏನಾದ್ರೂ ಆದ್ರೆ ಗುಡ್ಡ ಹತ್ತಬೇಕಾ?"

"ಏನೂ ಆಗಲ್ಲ. ಆದ್ರೆ ವ್ಯವಸ್ಥೆ ಮಾಡ್ತೀನಿ."

"ನಡೆಯೋರಿಗಾದ್ರೂ ಬಿಡು."

"ಇವತ್ತು ನಡೆಯೋರು, ನಾಳೆ ಸೈಕಲ್ಲು, ನಾಡಿದ್ದು ಹಿಟ್ಟಿನ ಮೂಟೆ. ನಂಗೆ ಗೊತ್ತಿಲ್ವಾ ಈ ಊರು?"

"ಚಿಕ್ಕವಳಿದ್ದಾಗಿಂದ ನೀನು ಹಿಂಗೇ. ಬಾಗಿಲು ಹಾಕೋದು ಅಂದ್ರೆ ಬಲು ಖುಷಿ ನಿಂಗೆ."

"ನೀನೂ ಹಿಂಗೇ. ತೆರೆದ ಬಾಗಿಲಲ್ಲಿ ನಿಂತ್ಕೊಂಡು ಚಳಿ ಚಳಿ ಅಂತ ಅಳೋದು."

ಕತ್ತರಿ ನಡುವೆ ಬಾಯಿ ಹಾಕಿದ. "ಅಕ್ಕ, ನಿಮ್ಮ ಕಡೆ ಗಂಡಸರಿಗೆಲ್ಲ ಜಡೆ ಹಾಕೋದು ಕಲಿಸಿಬಿಡಿ. ಇನ್ನು ಅದೇ ಗತಿ."

ನನಗೆ ನಗು ಬಂತು. ಅವಳು ಅವನಿಗೂ ಒಂದು ಬೈಗುಳ ಬಿಟ್ಟಳು, ನನ್ನ ಕಡೆ ತಿರುಗಿ "ಇನ್ನು ನಿನ್ನ ಹತ್ರ ಮಾತಿಲ್ಲ" ಅಂದಳು. ಹೊರಟೇ ಹೋದಳು. ಅವನು ಮಾತ್ರ ತಿರುಗಿ ಕೈ ಎತ್ತಿದ.

ಎರಡು ದಿನ ಮುನಿಸು. ಮೂರನೆಯ ದಿನ ಫೋನು ಮಾಡಿ, ಮಾತಾಡದೆ ಬರೀ ಉಸಿರು ಬಿಡುತ್ತಾಳೆ. ನನಗೆ ಗೊತ್ತಿಲ್ಲದ್ದೇ.

ಫೆಬ್ರವರಿ ೧೧, ಸೋಮವಾರ

ಮೂರನೆಯ ದಿನವೂ ಬರಲಿಲ್ಲ ಫೋನು, ನಾಲ್ಕನೆಯ ದಿನವೂ ಬರಲಿಲ್ಲ. ಸರಿ.

ಮೈಕಿನಲ್ಲಿ ಸೇತುವೆಯ ವಿಷಯ ಬಿಡಿಸಿ ಹೇಳಿದೆ. ಹೇಳಿದರೇನು, ಸಂಜೆಯಾದರೆ ಗೇಟು ಹತ್ತಿ ದಾಟುತ್ತಾರಂತೆ. ಗಂಡಸರು ಸರಿ, ಒಬ್ಬಾಕೆ ಹೊಲಿಗೆ ಯಂತ್ರ ಹೊತ್ತುಕೊಂಡು ದಾಟಿದಳಂತೆ. ಸೇತುವೆಯ ಮೇಲೆ ದೀಪವಿದೆ, ಅದಕ್ಕೇ ಧೈರ್ಯ. ಲೈನ್‌ಮ್ಯಾನನ್ನು ಕರೆಸಿದೆ.

"ಸೇತುವೆ ಮೇಲೆ ದೀಪ, ತಂತಿ ಒಂದೂ ಇರಕೂಡದು. ಇವತ್ತೇ ಕಿತ್ತುಹಾಕು."

"ಒಂದೂ ಅಂದ್ರೆ ಒಂದೂನಾ, ಅಮ್ಮ?"

"ಕಿವೀಲಿ ಏನು ತುಂಬ್ಕೊಂಡಿದ್ದೀಯ?"

ಹೊತ್ತು ಮುಳುಗುವ ಮುಂಚೆ ಕಿತ್ತು ಸುತ್ತಿ ತಂದು ಪುರಸಭೆಯ ಹಿಂದೆ ಹಾಕಿದ. ಕೆಲಸಗಾರ ಪರವಾಗಿಲ್ಲ, ಬೈದರೆ ಮಾಡುತ್ತಾನೆ.

ಫೆಬ್ರವರಿ ೧೮, ಸೋಮವಾರ

ಇವತ್ತಿನ ಸುದ್ದಿ ದೊಡ್ಡದು. ಶಾಲೆಯ ಹಳೆಯ ವ್ಯಾನಿನ ಸೀಟು ಕಿತ್ತು ಹಾಸಿಗೆ ಹಾಕಿಸಿದ್ದೇನೆ. ಆಚೆ ದಂಡೆಯ ಗಿರಣಿಯ ಅಂಗಳದಲ್ಲಿ ನಿಂತಿರುತ್ತದೆ. ಈಚೆಯಿಂದ ಕಾಳು ಹೋಗದೆ ಗಿರಣಿ ನಿಂತಿದೆ, ಜಾಗ ಖಾಲಿ. ಡ್ರೈವರು ಹೊರಗಿನವನು, ಮಾತು ಕಡಿಮೆ, ಗಾಡಿಯಲ್ಲೇ ಇರುತ್ತಾನೆ. ಕಾಯಿಲೆಯವರು ಯಾವ ಹೊತ್ತಿನಲ್ಲಾದರೂ ಹೋಗಿ ಬಾಗಿಲು ಬಡಿಯಲಿ. ಆಸ್ಪತ್ರೆಯ ಗಾಡಿ ಇಲ್ಲಿಂದ ಸುತ್ತಿಕೊಂಡು ಹೋಗಿ ಮತ್ತೆ ಸುತ್ತಿಕೊಂಡು ಬರುವುದು ತಪ್ಪುತ್ತದೆ, ಅರ್ಧಕ್ಕರ್ಧ ಹೊತ್ತು ಉಳಿಯುತ್ತದೆ. ಇದನ್ನು ಮೈಕಿನಲ್ಲಿ ಮೂರು ಸಲ ಹೇಳಿದೆ, ಮಕ್ಕಳಿಗೆ ಹೇಳಿದ ಹಾಗೆ ನಿಧಾನವಾಗಿ.

ಆಚೆಯಿಂದ ಒಂದು ಒಳ್ಳೆಯ ಮಾತು ಬೇಡವೇ. ಪುರಸಭೆಗೆ ಬರುವ ಫೋನೆಲ್ಲ ಬೈಗುಳ. ನಮ್ಮನ್ನು ಬಿಟ್ಟಿರಿ, ಮರೆತಿರಿ, ಕತ್ತಲಲ್ಲಿ ಕೂರಿಸಿದಿರಿ. ಬೈದರೆ ಇಟ್ಟುಬಿಡು ಅಂತ ಗುಮಾಸ್ತೆಗೆ ಹೇಳಿದ್ದೇನೆ. ಉಪಾಧ್ಯಕ್ಷ "ಅವರಿಗೆ ಕೊಬ್ಬು, ಅಮ್ಮ" ಅಂದ. ಅವನ ಕೂದಲು ಆಗಲೇ ಕಿವಿ ಮುಚ್ಚಿದೆ, ಮಾತು ಹೇಗೆ ಕೇಳಿಸುತ್ತದೋ.

ಮೈಕು ಯಾಕೋ ಈಗ ಸಣ್ಣಗೆ ಕೇಳಿಸುತ್ತದೆ. ಮೊದಲೆಲ್ಲ ಆ ಎತ್ತರದ ಮಹಡಿಗೆ ನನ್ನ ಮಾತೇ ಹೊಳೆಯಾಚೆಯಿಂದ ತಿರುಗಿ ಬಂದು ನನ್ನನ್ನೇ ಬೈದ ಹಾಗಿರುತ್ತಿತ್ತು. ನನ್ನ ಕಿವಿಗೂ ವಯಸ್ಸಾಯಿತು.

ಫೆಬ್ರವರಿ ೨೦

ಏನೂ ಇಲ್ಲ. ಸೊಸೆ ಏನು ಯೋಚನೆ ಅಂತ ಕೇಳಿದಳು. ಚರಂಡಿ ಅಂದೆ.

ಫೆಬ್ರವರಿ ೨೫, ಸೋಮವಾರ

ನೀರಿನ ಹೊತ್ತು ಬದಲಾದದ್ದು ಹೇಳಿದೆ. ಗ್ರಂಥಾಲಯದ ಮಾಡು ಸೋರುತ್ತಿರುವುದು ಹೇಳಿದೆ. ವ್ಯಾನಿನ ವಿಷಯ ಮತ್ತೆ ಹೇಳಿದೆ, ಇಷ್ಟು ದಿನವಾದರೂ ಒಬ್ಬರೂ ಅದರ ಬಾಗಿಲು ಬಡಿದಿಲ್ಲವಂತೆ. ಹಟ ಅಂದರೆ ಅದು.

ಮುಗಿಸುವ ಮುಂಚೆ ಏನಾಯಿತೋ, ಒಂದು ಮಾತು ಸೇರಿಸಿದೆ. "ಆಚೆ ದಂಡೇಲಿ ಒಬ್ಬಳಿದ್ದಾಳೆ, ಅಕ್ಕನ ಹತ್ರ ಮಾತು ಬಿಟ್ಟಿದ್ದಾಳೆ. ಅವಳಿಗೆ ತಿಳಿಸೋದು ಏನಂದ್ರೆ, ಅಕ್ಕನ ಮನೆ ಫೋನು ಕೆಟ್ಟಿಲ್ಲ. ಅಕ್ಕನಿಗೆ ಹಲ್ಲೂ ಉಳಿದಿಲ್ಲ, ಕಚ್ಚೋದಿಲ್ಲ. ಬೈದಿದ್ದು ಜಾಸ್ತಿ ಆಯ್ತು ಅಂತ ಅಕ್ಕನಿಗೂ ಅನ್ನಿಸಿದೆ."

ಕೆಳಗೆ ಬೀದಿಯಲ್ಲಿ ನಿಂತವರೆಲ್ಲ ನಕ್ಕರು. ಉಪಾಧ್ಯಕ್ಷ "ಸ್ವಂತ ವಿಷಯ ಮೈಕಲ್ಲಿ ಬೇಡಿತ್ತು" ಅಂದ. ನಿನ್ನ ಕೂದಲೂ ಸ್ವಂತ ವಿಷಯವೇ, ನಾವು ನೋಡುತ್ತಿಲ್ಲವೇ ಅಂದೆ.

ಇಡೀ ದಿನ ಫೋನಿನ ಪಕ್ಕದಲ್ಲೇ ಕೂತೆ. ಬಟಾಣಿ ಸುಲಿಯುವುದಿತ್ತು, ಅದಕ್ಕೆ. ಒಂದು ಸಲ ಫೋನು ಹೊಡೆದುಕೊಂಡಿತು, ಸೊಸೆಯ ತಾಯಿ. ಹಾಳಾಗಿ ಹೋಗಲಿ. ಊರೆಲ್ಲ ಕೇಳುವ ಹಾಗೆ ತಲೆ ತಗ್ಗಿಸಿದೆ, ಇನ್ನೇನು ಹೊಳೆಗೆ ಹಾರಬೇಕಿತ್ತೇ.

ಮಾರ್ಚ್ ೧

ಕತ್ತರಿ ಹೋದ.

ಮಧ್ಯಾಹ್ನ ಅಂಗಡಿ ಗುಡಿಸುತ್ತಿದ್ದವನು ಬಲಗೈ ಎತ್ತಲಾಗುತ್ತಿಲ್ಲ ಅಂದನಂತೆ, ಕುರ್ಚಿ ಹಿಡಿದುಕೊಂಡು ಕುಸಿದನಂತೆ. ಆಸ್ಪತ್ರೆಗೆ ಫೋನು ಮಾಡಿದ್ದಾರೆ. ಗಾಡಿ ಇಲ್ಲಿಂದ ಗುಡ್ಡ ಸುತ್ತಿಕೊಂಡು ಹೋಗಿದೆ, ಹತ್ತಿಸಿಕೊಂಡು ವಾಪಸು ಹೊರಟಿದೆ. ಅಣೆಕಟ್ಟಿನ ಹತ್ತಿರ ಉಸಿರು ನಿಂತಿತಂತೆ. ಬೇಗ ಬಂದಿದ್ದರೆ ನೋಡಬಹುದಿತ್ತು ಅಂತ ಡಾಕ್ಟರು ಅಂದರು.

ಬೇಗ ಬರಬಹುದಿತ್ತು. ಅಂಗಡಿಯ ಹಿಂದಿನ ಬೀದಿಯಲ್ಲೇ ವ್ಯಾನು ನಿಂತಿತ್ತು, ಹಾಸಿಗೆ ಹಾಕಿಕೊಂಡು. ಯಾಕೆ ಹತ್ತಿಸಲಿಲ್ಲ ಅವಳು? ನಾನು ಕಳಿಸಿದ್ದು ಅಂತಲಾ? ಗಂಡನ ಜೀವಕ್ಕಿಂತ ನನ್ನ ಮೇಲಿನ ಸಿಟ್ಟು ದೊಡ್ಡದಾಯಿತೇ? ನಾಳೆ ಹೋಗುತ್ತೇನೆ. ಹೋಗಿ ಕೇಳುತ್ತೇನೆ. ಸಾವಿನ ಮನೆಯಾದರೂ ಕೇಳುತ್ತೇನೆ.

ಮಾರ್ಚ್ ೨

ಕೇಳಿದೆ.

ಮಗ ಗಾಡಿ ಓಡಿಸಿದ. ಅಂಗಡಿಯ ಕನ್ನಡಿಗಳಿಗೆ ಯಾರೋ ಬಟ್ಟೆ ಹೊದಿಸಿದ್ದರು. ಮಹಡಿಯ ಮೇಲೆ ಕಿಟಕಿಯ ಪಕ್ಕದಲ್ಲಿ ಅವಳು ಕೂತಿದ್ದಳು, ಮಗಳು ಪಕ್ಕದಲ್ಲಿ. ನಾನು ಎದುರಿಗೆ ಕೂತು, ಕೈಯನ್ನೂ ಹಿಡಿಯದೆ, "ವ್ಯಾನು ಇಲ್ಲೇ ಇತ್ತಲ್ಲೇ" ಅಂದೆ.

"ಯಾವ ವ್ಯಾನು?"

"ಗಿರಣೀಲಿ ನಿಂತಿದೆಯಲ್ಲ. ಕಾಯಿಲೆಯವರಿಗೆ ಅಂತ ನಾನು ಇಡಿಸಿದ್ದು."

ಅವಳ ಮಗಳು ನನ್ನ ಮುಖ ನೋಡಿದಳು. "ದೊಡ್ಡಮ್ಮ, ಅದು ಸೇತುವೆ ಕೆಲಸದವರ ಗಾಡಿ ಅಂದ್ಕೊಂಡಿದ್ವಿ ಎಲ್ಲರೂ. ನಮಗೆ ಯಾರು ಹೇಳಿದ್ರು?"

"ಮೈಕಲ್ಲಿ ಹೇಳಿದ್ನಲ್ಲ. ಎರಡು ಸೋಮವಾರ ಹೇಳಿದೆ."

"ಯಾವ ಮೈಕು ದೊಡ್ಡಮ್ಮ? ಸೇತುವೆ ದೀಪ ಆರಿಸಿದ ದಿನದಿಂದ ನಮ್ಮ ಕಡೆ ಮೈಕೇ ಇಲ್ಲ."

ಕೋಣೆಯಲ್ಲಿ ತುಂಬ ಜನ ಇದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ತಂಗಿ ಮಾತಾಡಿದಳು, ನನ್ನನ್ನು ನೋಡದೆ.

"ಸೇತುವೆ ಮುಚ್ಚಿದೆ, ದೀಪ ತೆಗೆದೆ, ಇನ್ನು ಮಾತೂ ಬೇಡ ಅಂತ ಮೈಕನ್ನೂ ನಿಲ್ಲಿಸಿದೆ ಅಂದ್ಕೊಂಡೆ ಅಕ್ಕ. ನನ್ನ ಮೇಲಿನ ಸಿಟ್ಟಿಗೆ ಅಂತ. ಆದ್ರೂ ಸೋಮವಾರ ಬಂದ್ರೆ ಕಿಟಕಿ ತೆಗೆದು ಕೂತಿರ್ತಿದ್ದೆ. ಅವರು ನಗ್ತಿದ್ರು, ಮೈಕಿನ ಕಂಬ ಏನು ಹೇಳ್ತು ಇವತ್ತು ಅಂತ."

ಎದ್ದು ಬರುವಾಗ ಮಗಳು ಮೆಟ್ಟಿಲವರೆಗೆ ಬಂದಳು, ಅಷ್ಟೇ.

ಮಾರ್ಚ್ ೪, ಸೋಮವಾರ

ಬೆಳಿಗ್ಗೆ ಲೈನ್‌ಮ್ಯಾನನ್ನು ಕರೆಸಿದೆ. ಬಾಗಿಲಲ್ಲೇ ನಿಂತ.

"ದೀಪದ ಕಂಬದಲ್ಲೇ ಮೈಕಿನ ತಂತೀನೂ ಇತ್ತಮ್ಮ. ಒಂದೂ ಬೇಡ ಅಂದ್ರಿ. ನಿಮಗೆ ಗೊತ್ತಿದ್ದೇ ಹೇಳಿದ್ರಿ ಅಂದ್ಕೊಂಡೆ."

"ಒಂದು ಸಲ ಕೇಳಬಾರದಿತ್ತಾ?"

"ಕೇಳಿದ್ನಲ್ಲಮ್ಮ."

ಕೇಳಿದ್ದ. ಬೈಯಬೇಕು ಅಂತಲೇ ಕರೆಸಿದ್ದೆ, ಬಾಯಿಗೆ ಬೈಗುಳವೇ ಬರಲಿಲ್ಲ. ಹೋಗಿ ಏನಾದರೂ ತಿನ್ನಪ್ಪ, ಮುಖ ಬಾಡಿದೆ ಅಂದೆ. ನನಗೇ ಮೈ ಹುಷಾರಿಲ್ಲವೇನೋ.

ಮೈಕಿನಲ್ಲಿ ಕತ್ತರಿಯ ಸಾವು ಹೇಳಿದೆ. ಅದು ಅಧ್ಯಕ್ಷರು ಹೇಳಬೇಕಾದದ್ದೇ. ತಂತಿ ತೆಗೆಸಿದ್ದು ನಾನು, ಅದರ ಜೊತೆ ಆಚೆಯವರ ಮೈಕು ಹೋದದ್ದು ನನಗೆ ತಿಳಿಯಲಿಲ್ಲ, ಅವರು ಸುಮ್ಮನಿದ್ದದ್ದನ್ನು ಸೊಕ್ಕು ಅಂದುಕೊಂಡೆ ಅಂತಲೂ ಹೇಳಿದೆ. ಹಾಸಿಗೆ, ಚರಂಡಿ ಏನೂ ಹೇಳಲಿಲ್ಲ. ಕೆಳಗೆ ಯಾರೂ ನಗಲಿಲ್ಲ.

ಆಚೆಗೆ ಹೊಸ ತಂತಿ ಎಳೆಯಬೇಕಾದರೆ ಗುಡ್ಡ ಸುತ್ತಿಸಿ ತರಬೇಕು, ತಿಂಗಳುಗಟ್ಟಲೆಯ ಕೆಲಸವಂತೆ. ಅದಕ್ಕೆ ಮಗನನ್ನು ಹೊರಡಿಸಿಕೊಂಡು ಹೋಗಿ ಗಿರಣಿಯ ಮುಂದೆ ನಿಂತು ಬಾಯಲ್ಲೇ ಹೇಳಿದೆ. ನೀರಿನ ಹೊತ್ತು, ವ್ಯಾನು ಎಲ್ಲಿದೆ, ಯಾಕಿದೆ. ಕೆಲವರು ಬೆನ್ನು ತಿರುಗಿಸಿ ಹೋದರು. ಗಿರಣಿಯ ಕಾವಲುಗಾರ "ಇನ್ನೂ ಸ್ವಲ್ಪ ಗಟ್ಟಿಯಾಗಿ, ಅಧ್ಯಕ್ಷರೇ, ಹಿಂದಿನವರಿಗೆ ಕೇಳಿಸ್ತಿಲ್ಲ" ಅಂದ. ಚುಚ್ಚಿದನೋ ಇದ್ದದ್ದನ್ನೇ ಹೇಳಿದನೋ ಗೊತ್ತಾಗಲಿಲ್ಲ. ಗಟ್ಟಿಯಾಗಿ ಹೇಳಿದೆ.

ಮಾರ್ಚ್ ೧೧, ಸೋಮವಾರ

ಮತ್ತೆ ಹೋಗಿದ್ದೆ. ಈ ಸಲ ಅಂಗಡಿಯ ಮುಂದೆ ನಿಂತು ಹೇಳಿದೆ. ನಿನ್ನ ಕಿಟಕಿ ಮುಚ್ಚಿತ್ತು ಕಣೇ ತಂಗಿ. ಒಳಗೆ ನೆರಳು ಅಲ್ಲಾಡಿದ್ದು ಕಂಡಿತು, ನೀನೋ ಮಗಳೋ. ಗಂಟಲು ಕಟ್ಟಿದೆ, ಸೊಸೆ ಬಿಸಿನೀರು ಕೊಟ್ಟು ಮಾತಾಡಬೇಡಿ ಅಂದಳು. ಅವಳಿಗೆ ಬೇಕಾದದ್ದೂ ಅದೇ.

ಅಲ್ಲಿ ಹೇಳದೆ ಬಿಟ್ಟದ್ದು: ಉಪಾಧ್ಯಕ್ಷನ ಹೆಂಡತಿ ಅಡುಗೆಮನೆಯ ಕತ್ತರಿಯಿಂದ ಅವನ ಕೂದಲು ಕತ್ತರಿಸಿದ್ದಾಳೆ. ಹಿಂದಿನಿಂದ ನೋಡಿದರೆ ಇಲಿ ಕಚ್ಚಿದ ರೊಟ್ಟಿ. ಸಭೆಯಲ್ಲಿ ಎಲ್ಲರೂ ಕಾಗದ ನೋಡುತ್ತ ಕೂತರು. ನಿನ್ನ ಗಂಡ ಇದ್ದಿದ್ದರೆ ಅದರ ಮೇಲೇ ಒಂದು ವಾರ ಅಂಗಡಿ ನಡೆಸುತ್ತಿದ್ದ. ಗ್ರಂಥಾಲಯದ ಮಾಡು ರಿಪೇರಿಯಾಯಿತು. ಹೊಲಿಗೆ ಯಂತ್ರದವಳು ಈಚೆಯಲ್ಲೇ ಒಂದು ಕೋಣೆ ಹಿಡಿದಿದ್ದಾಳೆ, ಗಂಡ ಆಚೆ. ಇಬ್ಬರೂ ಸಂಜೆ ಒಂದೊಂದು ಗೇಟಿನ ಹತ್ತಿರ ನಿಂತು ಕೈ ಬೀಸುತ್ತಾರೆ.

ಸೇತುವೆ ಹಾಗೇ ನಿಂತಿದೆ. ಬಿರುಕಿನಲ್ಲಿ ಹುಲ್ಲು ಬಂದಿದೆ, ಒಂದು ನಾಯಿ ದಿನವೂ ಗೇಟಿನ ಕೆಳಗೆ ನುಸುಳಿ ಆಚೆ ಹೋಗಿ ಬರುತ್ತದೆ. ಬಿದ್ದುಹೋಗಿದ್ದರೆ ನಾನು ಸರಿ ಅಂತಲಾದರೂ ಆಗುತ್ತಿತ್ತು. ಕೆಲವು ದಿನ ಎದ್ದ ತಕ್ಷಣ, ಬಿದ್ದಿರಲಿ ದೇವರೇ ಅಂದುಕೊಂಡು ಕಿಟಕಿಗೆ ಹೋಗುತ್ತೇನೆ. ಈ ಸಾಲನ್ನು ಹೊಡೆದುಹಾಕಬೇಕು. ಇರಲಿ, ಯಾರು ಓದುತ್ತಾರೆ.

ಮಾರ್ಚ್ ೧೫

ಸೊಸೆ ಬೆಳಿಗ್ಗೆ ಹಾಲು ಉಕ್ಕಿಸಿದಳು. ಏನೂ ಅನ್ನದೆ ಒಲೆ ಒರೆಸಿದೆ. ಜ್ವರ ಬಂದಿದೆಯೇ ಅಂತ ಹಣೆ ಮುಟ್ಟಿ ನೋಡಿದಳು.

ಮಾರ್ಚ್ ೧೮, ಸೋಮವಾರ

ಅಂಗಡಿಗೆ ಬೀಗ. ಮಗಳ ಊರಿಗೆ ಹೋದೆಯಂತೆ, ಶನಿವಾರವೇ. ಬೀಗದ ಕೈ ಕಾವಲುಗಾರನ ಹತ್ತಿರ ಕೊಟ್ಟಿದ್ದೀಯ, ನನಗಲ್ಲ. ಆದರೂ ಮುಚ್ಚಿದ ಕಿಟಕಿಯ ಕೆಳಗೇ ನಿಂತು ಸುದ್ದಿ ಹೇಳಿದೆ. ಹೋದ ವಾರಕ್ಕಿಂತ ಜನ ಜಾಸ್ತಿ ಬಂದಿದ್ದರು. ಒಬ್ಬ ಮುದುಕ ಕುರ್ಚಿ ತಂದು ಹಾಕಿದ. ಕೂರಲಿಲ್ಲ.

ಮಧ್ಯಾಹ್ನ ಎಂಜಿನಿಯರು ಹೊಸ ಸೇತುವೆಯ ನಕ್ಷೆ ಹರಡಿದ. ಬೆರಳಿಟ್ಟು ತೋರಿಸು ಅಂದೆ. ತೋರಿಸಿದ. ಆಚೆಯ ತುದಿ ನೇರವಾಗಿ ನಿನ್ನ ಅಂಗಡಿಯ ಮೇಲೆ ಬರುತ್ತದೆ. ಅಂಗಡಿ, ಮನೆ, ಎರಡೂ ಹೋಗಬೇಕು.

"ಬೇರೆ ಜಾಗ ಇಲ್ವಾ?"

"ಇದೆ, ಸ್ವಲ್ಪ ಕೆಳಗೆ. ಅಲ್ಲಿ ಬಂಡೆ ಒಡೀಬೇಕು, ಒಂದು ವರ್ಷ ಜಾಸ್ತಿ ಆಗತ್ತೆ. ಆಚೆಯವರು ಇನ್ನೊಂದು ವರ್ಷ ಹೀಗೇ ಇರಬೇಕು, ಅಮ್ಮ."

ಉಪಾಧ್ಯಕ್ಷ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟ. "ಇವತ್ತೇ ಬಾಗಿಲಿಗೆ ನೋಟಿಸು ಅಂಟಿಸ್ತೀವಿ. ಈ ತಿಂಗಳೊಳಗೆ ಉತ್ತರ ಬರದಿದ್ರೆ ಒಪ್ಪಿಗೆ ಅಂತ ತಗೋಬಹುದು. ಕಾನೂನಲ್ಲೇ ಇದೆ."

"ಅವಳು ಊರಲ್ಲಿಲ್ಲ. ನೋಟಿಸು ಯಾರು ಓದ್ಬೇಕು, ಬೀಗವಾ?"

"ಉತ್ತರ ಬರಲಿಲ್ಲ ಅಂದ್ರೆ ಬೇಡ ಅಂತ ಹೇಳಲಿಲ್ಲ ಅಂತ ತಾನೇ, ಅಮ್ಮ."

ಪೆನ್ನಿನ ಮುಚ್ಚಳ ಹಾಕಿ ಅವನ ಜೇಬಿಗೇ ಸಿಕ್ಕಿಸಿ ಎದ್ದು ಬಂದೆ.

ಮಾರ್ಚ್ ೨೧

ಮಗಳ ಮನೆಗೆ ಫೋನು ಮಾಡಿದ್ದೆ. ಅಮ್ಮ ಮಲಗಿದ್ದಾಳೆ ಅಂದಳು. ಮಧ್ಯಾಹ್ನ ಮಾಡಿದಾಗಲೂ ಮಲಗಿದ್ದಾಳೆ ಅಂದಳು. ಹಿಂದೆ ನಿನ್ನ ಕೆಮ್ಮು ಕೇಳಿಸಿತು. ನಿನ್ನ ಕೆಮ್ಮು ನನಗೆ ಗೊತ್ತಿಲ್ಲವೇನೇ. ಪರವಾಗಿಲ್ಲ, ಫೋನಿಗೆ ಬರಬೇಡ. ಈ ಹಾಳೆ ಹರಿದು ಅಂಚೆಗೆ ಹಾಕುತ್ತೇನೆ. ನಾನು ನಿಧಾನವಾಗಿ ಬರೆದಿದ್ದೇನೆ, ನೀನೂ ನಿಧಾನವಾಗಿ ಓದು.

ಆಚೆಯವರಿಗೆ ಸೇತುವೆ ಬೇಕು. ಮೊನ್ನೆ ನೋವು ಬಂದ ಬಸುರಿಯೊಬ್ಬಳನ್ನು ವ್ಯಾನಿನಲ್ಲಿ ತಂದರು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಆದರೆ ಆ ಗುಡ್ಡದ ತಿರುವುಗಳಲ್ಲಿ ಅವಳು ಪಟ್ಟ ಪಾಡು ಕೇಳಿದೆ. ಸೇತುವೆ ಬೇಗ ಬೇಕಾದರೆ ನಿನ್ನ ಮನೆ ಕೆಡವಬೇಕು. ಅವನ ಕುರ್ಚಿ ಇದ್ದ ಜಾಗ, ನೀನು ಕೂರುತ್ತಿದ್ದ ಕಿಟಕಿ, ಎಲ್ಲ. ಬೇಡ ಅಂದರೆ ಬೇಡ ಅಂತ ಬರೆ. ಬಂಡೆ ಒಡೆಸುತ್ತೇನೆ. ಸಭೆಯಲ್ಲಿ ನನ್ನನ್ನು ಹರಿದು ತಿನ್ನುತ್ತಾರೆ, ಆಚೆಯವರೂ ಬಿಡುವುದಿಲ್ಲ, ಅದು ನನ್ನ ಪಾಡು. ಕೆಡವು ಅಂದರೆ ಕೆಡವು ಅಂತ ಬರೆ. ನಿನ್ನ ಸಾಮಾನು ಒಂದೊಂದಾಗಿ ನಾನೇ ನಿಂತು ಕಟ್ಟಿಸುತ್ತೇನೆ. ಬೈಯಬೇಕೆನ್ನಿಸಿದರೆ ಮೊದಲು ಬೈದು ಮುಗಿಸಿ ಆಮೇಲೆ ಬರೆ, ಹಾಳೆ ಸಾಲದಿದ್ದರೆ ಇನ್ನೊಂದು ತಗೋ. ನನ್ನ ಮುಖ ನೋಡುವುದಿಲ್ಲ ಅಂತಿದ್ದರೆ ಅದನ್ನೂ ಬರೆ.

ಸುಮ್ಮನೆ ಮಾತ್ರ ಇರಬೇಡ. ನೀನು ಸುಮ್ಮನಿದ್ದಾಗ ನಾನೇ ಒಂದು ಅರ್ಥ ಕಟ್ಟಿಕೊಂಡು ಕೂತಿದ್ದೆ, ಏನಾಯಿತು ನೋಡಿದೆಯಲ್ಲ. ಇನ್ನೊಂದು ಸಲ ನನ್ನ ಕೈಲಿ ಆಗದು. ಒಂದನೇ ತಾರೀಕು ಅವರು ಮತ್ತೆ ಪೆನ್ನು ತಂದಿಡುತ್ತಾರೆ. ಅದಕ್ಕೆ ಮುಂಚೆ, ಈ ತಿಂಗಳು ಮುಗಿಯುವುದರೊಳಗೆ, ನಿನ್ನ ಕೈಯಾರೆ ಉತ್ತರ ಬರೆ.